ಸವಾರನಾದ ಕಾದಂಬರಿಕಾರ: ಜಾರ್ಜ್ ವೈಟ್-ಮೆಲ್ವಿಲ್



ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಯೆಂದೊಡನೆ ಡಿಕನ್ಸ್, ಥ್ಯಾಕರೆ, ಜಾರ್ಜ್ ಎಲಿಯಟ್ ಮೊದಲಾದವರ ಹೆಸರುಗಳು ನೆನಪಿಗೆ ಬರುವುದು ಸಹಜ. ಇವರಲ್ಲದೆ, ತಮ್ಮ ಕಾಲದ ವಾಚಕರನ್ನು ಬಹುವಾಗಿ ರಂಜಿಸಿ ಆಮೇಲೆ ಮರೆಯಾದ ಗ್ರಂಥಕರ್ತರೂ ಅನೇಕರುಂಟು. ಅಂಥವರಲ್ಲಿ ಒಬ್ಬನಾದ ಜಾರ್ಜ್ ಜಾನ್ ವೈಟ್-ಮೆಲ್ವಿಲ್ ಎಂಬುವನ ವಿಚಾರವಾಗಿ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಈತನು ಮೊದಲು ಸೈನಿಕ, ಅನಂತರ ಕಾದಂಬರಿಕಾರ. ಕೊನೆಯ ದಿನದವರೆಗೂ ಸವಾರ. ತಾನು ಬಲ್ಲ ಒಂದು ಸಣ್ಣ ಲೋಕವನ್ನು ಬರೆದ ಲೇಖಕನಿಗೆ, ಆ ಲೋಕವೇ ಅಳಿದ ಮೇಲೆ, ಉಳಿಯುವುದೇನು ಎಂಬುದೇ ನಾವು ವಿಚಾರಿಸಬೇಕಾದ ಪ್ರಶ್ನೆ.

ವೈಟ್-ಮೆಲ್ವಿಲ್ ಹುಟ್ಟಿದ್ದು 1821ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಸಮೀಪದಲ್ಲಿ. ತಂದೆ ಜಮೀನುದಾರರು, ತಾಯಿ ಡ್ಯೂಕ್ ಒಬ್ಬನ ಮಗಳು. ಈಟನ್ ಶಾಲೆಯಲ್ಲಿ ಓದು ಮುಗಿಸಿ, 1839ರಲ್ಲಿ 93ನೆಯ ಹೈಲಾಂಡರ್ಸ್ ದಳವನ್ನು ಸೇರಿ, 1846ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಎಂಬ ಪ್ರತಿಷ್ಠಿತ ದಳಕ್ಕೆ ಬಂದನು. ಮೂರು ವರ್ಷಗಳ ಮೇಲೆ ಕ್ಯಾಪ್ಟನ್ ಪದವಿಯಲ್ಲಿದ್ದಾಗ ಸೈನ್ಯವನ್ನು ಬಿಟ್ಟನು. ಲೇಖನಿಯನ್ನು ಹಿಡಿದವನು ಮೊದಲು ಮಾಡಿದ ಕೆಲಸ ಲ್ಯಾಟಿನ್ ಕವಿ ಹೊರೇಸನ ಗೀತೆಗಳ ಭಾಷಾಂತರ. ಅದು 1850ರಲ್ಲಿ ಹೊರಬಂದಿತು.

ಅವನ ಮೊದಲ ಕಾದಂಬರಿ ‘ಡಿಗ್ಬಿ ಗ್ರ್ಯಾಂಡ್’ 1853ರಲ್ಲಿ ಪ್ರಕಟವಾಯಿತು. ಇದರ ನಾಯಕನು ಫ್ಯಾಷನ್ನಿಗೂ ಜೂಜಿಗೂ ಸಾಲಕ್ಕೂ ಸಿಕ್ಕಿಬಿದ್ದ ತರುಣ ಸೇನಾಧಿಕಾರಿ. ಈ ಕಥೆಯ ಹಿನ್ನೆಲೆ ತಿಳಿಯಬೇಕಾದರೆ ಆಗಿನ ಬ್ರಿಟಿಷ್ ಸೈನ್ಯದ ಒಂದು ಪದ್ಧತಿಯನ್ನು ಹೇಳಬೇಕು. ಕಾಲಾಳು ಮತ್ತು ಕುದುರೆಯ ದಳಗಳಲ್ಲಿ ಅಧಿಕಾರಿಯ ಪದವಿಯನ್ನು ಸಾಮಾನ್ಯವಾಗಿ ಹಣಕೊಟ್ಟು ಕೊಳ್ಳುತ್ತಿದ್ದರು. ಸಾಧಾರಣ ಕಾಲಾಳು ದಳದಲ್ಲಿ ಅತ್ಯಂತ ಕೆಳಗಿನ ಅಧಿಕಾರಿಪದವಿಗೆ ನಿಯತವಾದ ಬೆಲೆ 450 ಪೌಂಡು. ಮೇಲೇರಿದಂತೆ ಬೆಲೆಯೂ ಏರುತ್ತಿತ್ತು. ಸಮರ್ಥನು ಬಡವನಾದರೆ ಹಿಂದೆ ಉಳಿಯುವನು. ಸಿರಿವಂತನ ಮಗನು ಯುದ್ಧವನ್ನೇ ನೋಡದೆ ಮುಂದೆ ಹೋಗುವನು. ಈ ಪದ್ಧತಿ ರದ್ದಾದದ್ದು 1871ರಲ್ಲಿ. ವೈಟ್-ಮೆಲ್ವಿಲ್ ಅದನ್ನು ಖಂಡಿಸಲು ಹೊರಟವನಲ್ಲ. ಆದರೆ ಒಳಗಿದ್ದು ಕಂಡದ್ದನ್ನು ಮರೆಮಾಚದೆ ಬರೆದನು. ಆದುದರಿಂದಲೇ ಅವನ ಕಥೆ ಆ ಸಮಾಜಕ್ಕೆ ಸಾಕ್ಷಿಯಾಗಿದೆ.

ಕ್ರಿಮಿಯಾ ಯುದ್ಧ ಬಂದಾಗ ಈತನು ಮನೆಯಲ್ಲಿ ಕುಳಿತಿರಲಿಲ್ಲ. 1855ರಲ್ಲಿ ಸ್ವಯಂಸೇವಕನಾಗಿ ಹೋಗಿ, ತುರ್ಕಿಯ ಅನಿಯತ ಅಶ್ವದಳದಲ್ಲಿ ಮೇಜರನಾಗಿ ಕೆಲಸಮಾಡಿದನು. ಆ ಅನುಭವದಿಂದ 1858ರಲ್ಲಿ ‘ದಿ ಇಂಟರ್‌ಪ್ರೆಟರ್’ ಎಂಬ, ದುಭಾಷಿಯೊಬ್ಬನ ಕಥೆ ಮೂಡಿತು.

ಆದರೆ ಅವನ ಹೆಸರು ಮುಖ್ಯವಾಗಿ ನಿಂತಿರುವುದು ನರಿಬೇಟೆಯ ಕಾದಂಬರಿಗಳ ಮೇಲೆ. ಬೇಟೆಯೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕೋವಿ, ಮಚಾನು, ಹುಲಿ. ಇಂಗ್ಲಿಷರ ನರಿಬೇಟೆಯ ರೀತಿಯೇ ಬೇರೆಯಾಗಿತ್ತು. ಅಲ್ಲಿ ಸವಾರನ ಕೈಯಲ್ಲಿ ಆಯುಧವಿರಲಿಲ್ಲ. ನಾಯಿಗಳ ಹಿಂಡು ನರಿಯ ವಾಸನೆ ಹಿಡಿದು ಓಡುತ್ತಿತ್ತು. ಸವಾರರು ಮುಳ್ಳುಬೇಲಿಗಳನ್ನೂ ಹಳ್ಳಗಳನ್ನೂ ಹಾರುತ್ತ ಅವುಗಳನ್ನು ಹಿಂಬಾಲಿಸುತ್ತಿದ್ದರು. ನರಿಯನ್ನು ಕೊಲ್ಲುತ್ತಿದ್ದುದು ನಾಯಿಗಳು. ಸವಾರನಿಗೆ ಬೇಕಾಗಿದ್ದುದು ಓಟ. ಲೆಸ್ಟರ್‌ಷೈರ್, ನಾರ್ಥಾಂಪ್ಟನ್‌ಷೈರ್ ಮೊದಲಾದ ಹುಲ್ಲುಗಾವಲಿನ ಸೀಮೆಗಳು ಇದಕ್ಕೆ ಪ್ರಸಿದ್ಧವಾಗಿದ್ದವು. ವೈಟ್-ಮೆಲ್ವಿಲ್ ನಾರ್ಥಾಂಪ್ಟನ್‌ಷೈರಿನಲ್ಲಿ ಬಹುಕಾಲ ವಾಸಮಾಡಿದನು.

1861ರ ‘ಮಾರ್ಕೆಟ್ ಹಾರ್‌ಬರೊ’ ಎಂಬ ಕಾದಂಬರಿಯಲ್ಲಿ, ಅಷ್ಟೇನೂ ಹೆಸರಿಲ್ಲದ ಸೀಮೆಯ ಸಾಯರ್ ಎಂಬ ಗೃಹಸ್ಥನು ಈ ಪ್ರಸಿದ್ಧ ಸೀಮೆಗೆ ಬಂದು, ದೊಡ್ಡವರ ನಡುವೆ ದೊಡ್ಡವನೆನಿಸಿಕೊಳ್ಳಲು ಪಡುವ ಪಾಡು ವಿನೋದವಾಗಿ ವರ್ಣಿತವಾಗಿದೆ. ಸಾಯರನಷ್ಟೇ ಜೀವಂತವಾದ ಪಾತ್ರ ಅವನ ಕುದುರೆಯಾಳು ಐಸಾಕನದು. 1856ರ ‘ಕೇಟ್ ಕವೆಂಟ್ರಿ’ಯಲ್ಲಿ ಕಥೆ ಹೇಳುವವಳು ಹೆಂಗಸು. ಹೆಂಗಸಾದವಳು ಹೀಗಿರಬೇಕು, ಹಾಗಿರಬೇಕು ಎಂದು ಹಿರಿಯರು ಹೇಳುತ್ತಿರುವಾಗ, ಅವಳು ತನ್ನ ಕುದುರೆಯನ್ನೇರಿ ಸ್ವತಂತ್ರಳಾಗಿ ನಡೆಯುತ್ತಾಳೆ.

ಈತನ ಎಲ್ಲ ಕೃತಿಗಳೂ ಸಮಾನವಲ್ಲ. 1863ರ ‘ದಿ ಗ್ಲೇಡಿಯೇಟರ್ಸ್’ ರೋಮನ್ನರ ಕಾಲದ ಕಥೆ; ಬ್ರಿಟನ್ನಿನ ಗುಲಾಮನೊಬ್ಬನನ್ನು ನಾಯಕನನ್ನಾಗಿ ಮಾಡಿಕೊಂಡು ಜೆರೂಸಲೇಮಿನ ಮುತ್ತಿಗೆಯವರೆಗೂ ಸಾಗುತ್ತದೆ. ಬಹು ಜನ ಓದಿದ ಪುಸ್ತಕ ಅದು. ಆದರೂ ಅಲ್ಲಿನ ಪಾತ್ರಗಳು ನಾಟಕದ ಉಡುಪು ತೊಟ್ಟಂತೆ ತೋರುತ್ತವೆ. ಲಾಯಕ್ಕೂ ಬೇಟೆಯ ಬಯಲಿಗೂ ಹಿಂದಿರುಗಿದಾಗಲೇ ಅವನ ಮಾತಿಗೆ ಜೀವ ಬರುವುದು. ಇನ್ನೊಂದು ಕೊರತೆಯನ್ನೂ ಹೇಳಬೇಕು. ಬೇಟೆಯ ಕುದುರೆಗಳು ತುಳಿದುಹೋದ ಹೊಲದ ಒಕ್ಕಲಿಗನ ಕಷ್ಟವಾಗಲಿ, ಅಟ್ಟಲ್ಪಟ್ಟ ಪ್ರಾಣಿಯ ಸಂಕಟವಾಗಲಿ ಅವನ ಪುಟಗಳಲ್ಲಿ ಪ್ರಧಾನವಾಗುವುದಿಲ್ಲ.

ಹೀಗಿರುವಾಗ, ಬಿಡುವುಳ್ಳ ಶ್ರೀಮಂತರ ವಿನೋದವನ್ನು ಬರೆದ ಇವನನ್ನು ನಾವೇಕೆ ನೆನೆಯಬೇಕು? ಇದಕ್ಕೆ ಎರಡು ಉತ್ತರಗಳು.

ಮೊದಲನೆಯದು, ಅವನ ವಿದ್ಯೆಯ ರೀತಿ. 1878ರಲ್ಲಿ ಅವನು ‘ರೈಡಿಂಗ್ ರೆಕಲೆಕ್ಷನ್ಸ್’ ಎಂಬ ಸವಾರಿಯ ಗ್ರಂಥವನ್ನು ಪ್ರಕಟಿಸಿದನು. ಅದರ ಮೊದಲ ಅಧ್ಯಾಯದ ಹೆಸರು ದಯೆ. ಬಲಾತ್ಕಾರಕ್ಕೆ ಎರಡನೆಯ ಸ್ಥಾನ. ಲಗಾಮಿನ ಉಪಯೋಗ ಎಂಬ ಅಧ್ಯಾಯದ ಜೊತೆಗೆ, ಹಿಮ್ಮಡಿಯ ಮುಳ್ಳಿನ ದುರುಪಯೋಗ ಎಂಬುದೊಂದು ಅಧ್ಯಾಯ. ಧೈರ್ಯಕ್ಕೆ ಒಂದು ಅಧ್ಯಾಯವಾದರೆ ವಿವೇಕಕ್ಕೂ ಒಂದು. ಮೂಕಪ್ರಾಣಿಯ ಮೇಲೆ ಕುಳಿತವನು ಮೊದಲು ಆಳಬೇಕಾದದ್ದು ತನ್ನ ಕೈಯನ್ನೂ ತನ್ನ ಕೋಪವನ್ನೂ ಎಂಬ ಭಾವನೆ ಈ ಏರ್ಪಾಡಿನಲ್ಲಿಯೇ ಅಡಗಿದೆ. ಅಧಿಕಾರದ ಪೀಠದಲ್ಲಿ ಕುಳಿತ ಯಾರಿಗಾದರೂ ಇದು ಅನ್ವಯಿಸುವ ನೀತಿಯೇ ಸರಿ.

ಎರಡನೆಯದು, ಅವನ ನಡತೆ. ತನ್ನ ಪುಸ್ತಕಗಳಿಂದ ಬಂದ ಹಣವನ್ನು ಅವನು ತನ್ನ ಭೋಗಕ್ಕೆ ಬಳಸದೆ ಧರ್ಮಕಾರ್ಯಗಳಿಗೆ ವಿನಿಯೋಗಿಸಿದನು. ಬೇಟೆಯ ಊರುಗಳಲ್ಲಿ ದುಡಿಯುತ್ತಿದ್ದ ಕುದುರೆಯಾಳುಗಳಿಗೂ ಲಾಯದ ಹುಡುಗರಿಗೂ ವಾಚನಾಲಯಗಳನ್ನು ಏರ್ಪಡಿಸುವುದು ಅವನಿಗೆ ವಿಶೇಷವಾಗಿ ಪ್ರಿಯವಾಗಿತ್ತು. ಬೆಳಗಾಗುವ ಮೊದಲೇ ಎದ್ದು ಕುದುರೆಯ ಮೈ ಉಜ್ಜಿ, ಜೀನು ಬಿಗಿದು, ಒಡೆಯನು ಸವಾರಿ ಹೊರಟ ಮೇಲೆ ಹಿಂದೆ ಉಳಿಯುವ ಜನ ಇವರು. ಯಾರ ಶ್ರಮದ ಮೇಲೆ ತನ್ನ ಸಂತೋಷವೂ ತನ್ನ ಕಥೆಗಳೂ ನಿಂತಿದ್ದವೋ ಅವರ ಋಣವನ್ನು ಈತನು ಮರೆಯಲಿಲ್ಲ.

ಅವನ ಕೀರ್ತಿ ಸಮುದ್ರವನ್ನೂ ದಾಟಿತ್ತು. ಆಸ್ಟ್ರೇಲಿಯದ ಕವಿ ಆಡಂ ಲಿಂಡ್ಸೆ ಗಾರ್ಡನ್, ತಾನೂ ಪ್ರಸಿದ್ಧ ಸವಾರ, 1870ರಲ್ಲಿ ತನ್ನ ಕವನಸಂಗ್ರಹವನ್ನು ವೈಟ್-ಮೆಲ್ವಿಲ್‌ಗೆ ಅರ್ಪಿಸಿದನು. ಪುಸ್ತಕ ಹೊರಬಂದ ಮರುದಿನವೇ ಆ ಕವಿ ತನ್ನ ಕೈಯಾರೆ ಪ್ರಾಣವನ್ನು ಕಳೆದುಕೊಂಡನು.

ವೈಟ್-ಮೆಲ್ವಿಲ್‌ನ ಅಂತ್ಯವೂ ಆಕಸ್ಮಿಕವೇ. 1878ರ ಡಿಸೆಂಬರ್ 5ರಂದು ಬೇಟೆಯ ಬಯಲಿನಲ್ಲಿ ಕುದುರೆ ಬಿದ್ದು ಅವನು ತೀರಿಕೊಂಡನು. ಎತ್ತರದ ಬೇಲಿಗಳನ್ನೆಷ್ಟೋ ಹಾರಿದವನಿಗೆ ಮೃತ್ಯು ಕಾದಿದ್ದುದು ಉತ್ತ ಹೊಲದಲ್ಲಿ. ಸವಾರಿಯ ಗ್ರಂಥ ಪ್ರಕಟವಾದದ್ದು ಅದೇ ವರ್ಷ. ಅವನ ಸ್ಮಾರಕವಾದ ಕಾರಂಜಿಯೊಂದು ಸೇಂಟ್ ಆಂಡ್ರೂಸಿನ ಮಾರ್ಕೆಟ್ ಬೀದಿಯಲ್ಲಿದೆ.

ಪದವಿಯನ್ನು ಕೊಳ್ಳುವ ಸೈನ್ಯ ಹೋಯಿತು. ನಾಯಿಗಳಿಂದ ನರಿಯನ್ನು ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2004ರ ಕಾಯಿದೆ ನಿಷೇಧಿಸಿತು. ಪ್ರಾಣಿದಯೆಯ ದೃಷ್ಟಿಯಿಂದ ಅದಕ್ಕಾಗಿ ಮರುಗಬೇಕಾಗಿಲ್ಲ. ಆ ಲೋಕ ಹೋದರೂ ಅದರೊಳಗೆ ಒಬ್ಬ ಮನುಷ್ಯನು ಕಲಿತ ಪಾಠ ಹೋಗಲಿಲ್ಲ: ಬಲ್ಲದ್ದನ್ನು ನಿಜವಾಗಿ ಬರೆಯುವುದು, ಕೈಯನ್ನು ಹಗುರವಾಗಿ ಹಿಡಿಯುವುದು, ತನಗಾಗಿ ದುಡಿದವರನ್ನು ನೆನೆಯುವುದು. ಹಳೆಯ ಪುಸ್ತಕಶಾಲೆಗಳ ಕಪಾಟಿನಲ್ಲಿ ಅವನ ಕಾದಂಬರಿ ಕೈಗೆ ಸಿಕ್ಕಿದರೆ, ಶ್ರೋತೃಗಳು ಒಂದೆರಡು ಅಧ್ಯಾಯಗಳನ್ನಾದರೂ ಓದಿನೋಡಬೇಕೆಂದು ಕೋರಿ ಈ ಭಾಷಣವನ್ನು ಮುಗಿಸುತ್ತೇನೆ.