ಧ್ರುವದ ಚಕ್ರಬಡ್ಡಿ, ನಮ್ಮ ಗೋವಿನಜೋಳ

ಇವತ್ತಿನ ಎಪಿಸೋಡ್ ನಾಗನೂರದಿಂದಲೇ ರೆಕಾರ್ಡ್ ಮಾಡ್ತಿದ್ದೇನೆ, ಹಿಂದೆ ಟ್ರ್ಯಾಕ್ಟರ್ ಸದ್ದು ಬಂದರೆ ಸಹಿಸ್ಕೊಳ್ರಿ.

ಮೊನ್ನೆ ನಮ್ಮ ಸೋದರಮಾವನಿಗೆ ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ಒಡೆದು ಬೀಳೋ ವಿಡಿಯೊ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲೆ ಬರ್ಫ ಕರಗಿದ್ರ ನಮಗೇನಾತೋ?" 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಅವರ ಕಬ್ಬು ನೀರಿನಲ್ಲೇ ಕೊಳೆತಿತ್ತು. ಅಂಥವರಿಗೆ ಏನೋ ಒಂದು ಹೇಳಿ ಪಾರಾಗೋಕೆ ಆಗಲ್ಲ.

ನಾನು ಓದಿದ್ದು ಬಿ.ಕಾಂ. ನನಗೆ ಏನಿದ್ದರೂ ಬಡ್ಡಿ ಲೆಕ್ಕದಲ್ಲೇ ತಲೆಗೆ ಹೋಗೋದು. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಅಂತ 2022ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಅಲ್ಲೇ ಯಾಕಿಷ್ಟು? ಹಿಮ ಹೊದ್ದ ಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಗಡ್ಡೆ ಕರಗಿ ಕಪ್ಪು ಸಮುದ್ರ ಬಯಲಾಯಿತು ಅನ್ನಿ, ಆ ನೀರು 90ಕ್ಕೂ ಹೆಚ್ಚು ಪಾಲನ್ನು ನುಂಗುತ್ತದೆ. ಬಿಸಿಯಾದ ನೀರು ಮತ್ತಷ್ಟು ಗಡ್ಡೆ ಕರಗಿಸುತ್ತದೆ. ಚಕ್ರಬಡ್ಡಿ ರೀ ಇದು! ಅಸಲು ಮಾತ್ರ ನಾವು ಸುಟ್ಟ ಕಲ್ಲಿದ್ದಲು, ಡೀಸೆಲ್‌ದು. ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. 1979ರ ಸೆಪ್ಟೆಂಬರ್‌ನಲ್ಲಿ ಸುಮಾರು 70 ಲಕ್ಷ ಚದರ ಕಿ.ಮೀ. ಇದ್ದ ಸಮುದ್ರದ ಮಂಜುಗಡ್ಡೆ, 2012ರ ಸೆಪ್ಟೆಂಬರ್‌ನಲ್ಲಿ 34 ಲಕ್ಷಕ್ಕೆ ಇಳಿದಿತ್ತು.

ಇದನ್ನ ಅಳೆಯೋರು ಬಾಳ ದೂರದವರೇನಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ವಾಸ್ಕೋದಲ್ಲಿದೆ ನಮ್ಮ ದೇಶದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಉತ್ತರ ಧ್ರುವದಿಂದ ಸುಮಾರು 1,200 ಕಿ.ಮೀ. ಈಚೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಿಂದ 'ಹಿಮಾದ್ರಿ' ಠಾಣೆ ನಡೆಸುತ್ತಿರೋದು ಇವರೇ. ಈ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ಸಂಬಂಧ ತೋರಿಸಿದರು: ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾಗೋದಕ್ಕೂ, ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನ ವಿಪರೀತ ಮಳೆಗೂ ನಂಟಿರಬಹುದು ಅಂತ. 'ಇರಬಹುದು' ಅನ್ನೋದನ್ನ ದಯವಿಟ್ಟು ಕಟ್ ಮಾಡಿ ಫಾರ್ವರ್ಡ್ ಮಾಡಬೇಡಿ.

ಮಾವನಿಗೂ ಹಾಗೇ ಹೇಳಿದೆ. 2019ರ ಹೊಳೆಯನ್ನ ಧ್ರುವದ ಖಾತೆಗೆ ಬರೆಯೋಕೆ ನನ್ನ ಹತ್ತಿರ ವೋಚರ್ ಇಲ್ಲ. ಅದು ಆಗಸ್ಟ್, ಘಟ್ಟದ ಮಳೆ, ತುಂಬಿದ ಹಿಡಕಲ್ ಜಲಾಶಯ. ಈ ಅಧ್ಯಯನ ಸೆಪ್ಟೆಂಬರ್‌ದು, ಅದೂ ಮಧ್ಯ ಭಾರತದ್ದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಪ್ಟೆಂಬರ್ ಅಂದ್ಯಾ? ಗೋವಿನಜೋಳ ತೆನಿ ಬಲಿಯೋ ಹೊತ್ತದು. ಕಬ್ಬಾದ್ರ ನೀರಾಗ ನಾಕು ದಿನ ತಡೀತೈತಿ, ತೆನಿ ತಡಿಯಂಗಿಲ್ಲ."

ಆಮೇಲೆ, "ಆ ವಿಡಿಯೊ ಇನ್ನೊಮ್ಮೆ ಹಚ್ಚು" ಅಂದರು.