ಊರಿನ ಮಕ್ಕಳ ಲೆಕ್ಕ ಯಾರ ಬಳಿ ಇದೆ?

(ಭೇರ್ಯದಲ್ಲಿ ಪೋಷಕರು, ಶಿಕ್ಷಕರು ಹಾಗೂ ಶಾಲಾ ಆಡಳಿತ ಮಂಡಳಿಗಳ ಸದಸ್ಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಮೈಸೂರು-ಹಾಸನ ರಸ್ತೆಯ ಬದಿಯಲ್ಲಿ ನಿಂತರೆ ಕಣ್ಣಿಗೆ ಬೀಳುವ ದೃಶ್ಯ ಸಂತೋಷದಾಯಕವಾದುದು. ಸರಕಾರಿ ಶಾಲೆಯ ಮಕ್ಕಳು ಗುಂಪುಗೂಡಿ ನಡೆದು ಬರುತ್ತಾರೆ. ಖಾಸಗಿ ಶಾಲೆಗಳ ವ್ಯಾನುಗಳು ಒಂದರ ಹಿಂದೊಂದು ಓಡುತ್ತವೆ. ಕೆ.ಆರ್. ನಗರದ ಬಸ್ಸಿಗಾಗಿ ಹೆಣ್ಣುಮಕ್ಕಳು ಕಾಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಬಳಿಕ ಬಸ್ ಖರ್ಚಿನ ನೆಪವೂ ಉಳಿದಿಲ್ಲ. ಇದನ್ನು ಕಂಡು ಊರಿನ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದಾರೆಂದು ನಾವು ನಂಬಿಬಿಡುತ್ತೇವೆ. ಆದರೆ ರಸ್ತೆಯಲ್ಲಿ ಕಾಣುವುದು ಹೋಗುವ ಮಕ್ಕಳು ಮಾತ್ರ. ಹೋಗದವರು ಮನೆಯೊಳಗಿರುತ್ತಾರೆ.

ಇದೇ ಜಿಲ್ಲೆಯ ಒಂದು ಊರಿನ ಹುಡುಗಿಯ ವಿಚಾರ ಹೇಳುತ್ತೇವೆ. ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಳು. ಅಲ್ಲಿಗೆ ಆ ಶಾಲೆ ಮುಗಿಯಿತು. ಮುಂದಿನದು ಕನ್ನಡ ಮಾಧ್ಯಮದ ಪ್ರೌಢಶಾಲೆ. ವಿಜ್ಞಾನ, ಗಣಿತವನ್ನು ಕನ್ನಡದಲ್ಲಿ ಓದಬೇಕೆಂಬ ಅಳುಕು ಅವಳಿಗೆ. ಮುಂದಿನ ವರ್ಷ ಸೇರಿಸಿದರಾಯಿತು ಎಂಬ ಉದಾಸೀನ ಮನೆಯವರಿಗೆ. ಉರ್ದು ಶಾಲೆ ವರ್ಗಾವಣೆ ಪತ್ರ ಕೊಟ್ಟಿತು, ದಾಖಲೆಯಲ್ಲಿ ಹಾಗೆಂದು ಬರೆಯಿತು. ಅದರ ಲೆಕ್ಕ ಸರಿಯಾಗಿದೆ. ಪ್ರೌಢಶಾಲೆಗೆ ಅವಳು ಬರಲೇ ಇಲ್ಲ, ಹಾಗಾಗಿ ಅಲ್ಲಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಅದರ ಲೆಕ್ಕವೂ ಸರಿಯಾಗಿದೆ. ಎರಡು ವರ್ಷ ಆ ಹುಡುಗಿ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆದಳು. ನಮಗೆ ವಿಷಯ ತಿಳಿದದ್ದು ಅವಳ ಮದುವೆಯ ಮಾತುಕತೆ ನಡೆಯುತ್ತಿದೆ ಎಂಬ ಸುದ್ದಿ ಬಂದಾಗ. ಆ ಬೀದಿಯಲ್ಲಿ ಓಡಾಡುತ್ತಿದ್ದ ನಾವೂ ಈ ತಪ್ಪಿಗೆ ಹೊರತಲ್ಲ.

2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ವೇದಿಕೆಗಳಲ್ಲಿ ಬಹಳಷ್ಟು ಉಲ್ಲೇಖಿಸಿದ್ದೇವೆ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಮಧ್ಯದಲ್ಲಿ ಬಿಟ್ಟಿದ್ದಾರೆ ಎಂದು ಅದು ಹೇಳಿತ್ತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಶೇ. 3ರಷ್ಟು ಮಾತ್ರ ಎಂಬುದನ್ನೂ ಅದೇ ವರದಿ ತೋರಿಸಿತ್ತು. ಎಂದರೆ ನಮ್ಮ ಮಕ್ಕಳ ಭವಿಷ್ಯ ಇರುವುದು ಸರಕಾರಿ, ಅನುದಾನಿತ ಮತ್ತು ಖಾಸಗಿ ಶಾಲೆಗಳಲ್ಲಿ. ವರದಿ ಬಂದ ಬಳಿಕ ಸಮುದಾಯದಲ್ಲಿ ಹೊಸ ಶಾಲೆ ಕಟ್ಟುವ ಉತ್ಸಾಹ ಹೆಚ್ಚಿತು. 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಹುಟ್ಟುಹಾಕಿದ ಡಾ. ಮುಮ್ತಾಝ್ ಅಹ್ಮದ್ ಖಾನ್‌ರಂತಹವರ ಹಾದಿ ಅದು, ಗೌರವಾರ್ಹವಾದುದು. ಆದರೆ ಸಣ್ಣ ಊರುಗಳಲ್ಲಿ ಹೆಚ್ಚಾಗಿ ನಡೆದದ್ದೇನು? ಒಂದು ಶಾಲೆಯ ಮಕ್ಕಳನ್ನು ಇನ್ನೊಂದು ಶಾಲೆ ಸೆಳೆದುಕೊಂಡಿತು. ಊರಿನ ಒಟ್ಟು ಮಕ್ಕಳ ಸಂಖ್ಯೆ ಅಷ್ಟೇ, ಮನೆಯಲ್ಲಿ ಉಳಿದವರ ಸಂಖ್ಯೆಯೂ ಅಷ್ಟೇ.

ಶಾಲೆಗಳು ಪರಸ್ಪರ ಪೈಪೋಟಿ ನಡೆಸುವಾಗ ಮಧ್ಯದಲ್ಲಿ ಬೀಳುವ ಮಕ್ಕಳ ಹೊಣೆ ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ಅಮೆರಿಕದಲ್ಲಿ ಚಾರ್ಟರ್ ಶಾಲೆಗಳೆಂಬ ವ್ಯವಸ್ಥೆಯಿದೆ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಹಣ ಸರಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದ್ದು; ಹೆಚ್ಚು ಕಡಿಮೆ ನಮ್ಮ ಅನುದಾನಿತ ಶಾಲೆಗಳಂತೆ. 2005ರ ಕತ್ರೀನಾ ಚಂಡಮಾರುತದ ಬಳಿಕ ನ್ಯೂ ಆರ್ಲಿಯನ್ಸ್ ನಗರದ ಬಹುಪಾಲು ಶಾಲೆಗಳನ್ನು ಹೀಗೆ ಬದಲಾಯಿಸಲಾಯಿತು. ಆ ಭರದಲ್ಲಿ ಸಾವಿರಾರು ಶಿಕ್ಷಕರನ್ನು ಕೆಲಸದಿಂದ ತೆಗೆದುಹಾಕಿದ್ದು ಅನ್ಯಾಯವೇ ಸರಿ, ಅದನ್ನು ನಾವು ಮಾದರಿ ಎನ್ನುವುದಿಲ್ಲ. ಆದರೆ ಮುಂದೆ ನಡೆದದ್ದು ಗಮನಾರ್ಹ. ಪ್ರತಿಯೊಂದು ಶಾಲೆಯೂ ತನ್ನದೇ ದಿನಾಂಕ, ತನ್ನದೇ ಅರ್ಜಿ ಇಟ್ಟುಕೊಂಡಿತ್ತು. ಪೋಷಕರು ಶಾಲೆಯಿಂದ ಶಾಲೆಗೆ ಅಲೆದರು. ತೊಂದರೆ ಕೊಡುವ ಮಗುವನ್ನು ಹೊರಗೆ ಕಳಿಸಿದರೆ ಕೇಳುವವರಿರಲಿಲ್ಲ. ಕೊನೆಗೆ 2012ರಲ್ಲಿ ಒಂದೇ ಅರ್ಜಿಯ ಪದ್ಧತಿ ಬಂತು. ಮಗುವನ್ನು ಶಾಲೆಯಿಂದ ತೆಗೆದುಹಾಕುವ ನಿರ್ಧಾರವನ್ನೂ ಆಯಾ ಶಾಲೆಗೆ ಬಿಡದೆ ಸಾಮಾನ್ಯ ವಿಚಾರಣೆಗೆ ಒಪ್ಪಿಸಲಾಯಿತು. ಬೋಸ್ಟನ್ ನಗರದಲ್ಲಿ 2011ರಲ್ಲಿ ಸರಕಾರಿ ಶಾಲೆಗಳೂ ಚಾರ್ಟರ್ ಶಾಲೆಗಳೂ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದವು, ಬಳಿಕ ಕ್ಯಾಥೊಲಿಕ್ ಶಾಲೆಗಳೂ ಜೊತೆಗೂಡಿದವು. ಯಾವ ಶಾಲೆಯೂ ತನ್ನ ಹೆಸರನ್ನಾಗಲಿ ತನ್ನ ಆಡಳಿತವನ್ನಾಗಲಿ ಬಿಟ್ಟುಕೊಡಬೇಕಾಗಿ ಬರಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1964-66ರ ಕೊಠಾರಿ ಆಯೋಗವೇ ಒಂದು ಪ್ರೌಢಶಾಲೆಯ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ಒಂದು ಸಮುಚ್ಚಯವಾಗಿ ಕಾಣಬೇಕು, ಗ್ರಂಥಾಲಯ, ಪ್ರಯೋಗಾಲಯ, ಶಿಕ್ಷಕರ ಸೇವೆಯನ್ನು ಹಂಚಿಕೊಳ್ಳಬೇಕು ಎಂದು ಹೇಳಿತ್ತು. 2020ರ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮು ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆಯನ್ನು ಸ್ಥಳೀಯ ಸಂಸ್ಥೆ ಇಡಬೇಕೆನ್ನುತ್ತದೆ. ಗ್ರಾಮ ಪಂಚಾಯತ್‌ಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಇನ್ನು ಸ್ಯಾಟ್ಸ್ ವ್ಯವಸ್ಥೆಯಲ್ಲಿ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆಯಿದೆ. ಆದರೆ ಮನೆಗೆ ಹೋಗಿ ವಿಚಾರಿಸುವ ಕೆಲಸವನ್ನು ಗಣಕಯಂತ್ರ ಮಾಡಲಾರದು. ಅದಕ್ಕೆ ನೆರೆಯವರೇ ಬೇಕು.

2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಕುರಿತ ಸರಕಾರಿ ಆದೇಶದ ಬಳಿಕ ಕಾಲೇಜುಗಳ ಗೇಟಿನ ಹೊರಗೆ ನಿಂತ ಹೆಣ್ಣುಮಕ್ಕಳ ಬಗ್ಗೆ ವಾಹಿನಿಗಳು ವಾರಗಟ್ಟಲೆ ಅಬ್ಬರಿಸಿದವು. ನಾವೂ ಸಾಕಷ್ಟು ಹೇಳಿಕೆಗಳನ್ನು ಕೊಟ್ಟೆವು. ಅವರಲ್ಲಿ ಯಾರು ಮರಳಿದರು, ಯಾರು ಬೇರೆ ಕಾಲೇಜು ಸೇರಿದರು, ಯಾರು ಮನೆಯಲ್ಲೇ ಉಳಿದರು ಎಂದು ತಂತಮ್ಮ ಊರಿನ ಮಟ್ಟಿಗಾದರೂ ಪಟ್ಟಿ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ.

ಆದುದರಿಂದ ಈ ಸಭೆಯ ಮುಂದೆ ನಾವಿಡುವ ಬೇಡಿಕೆ ಚಿಕ್ಕದು. ಭೇರ್ಯ ಮತ್ತು ಸುತ್ತಲಿನ ಹಳ್ಳಿಗಳ ಎಲ್ಲ ಶಾಲೆಗಳು, ಸರಕಾರಿ ಇರಲಿ ಖಾಸಗಿ ಇರಲಿ, ಕನ್ನಡ, ಉರ್ದು, ಇಂಗ್ಲಿಷ್ ಯಾವ ಮಾಧ್ಯಮವಾದರೂ ಇರಲಿ, ಒಂದೇ ಪುಸ್ತಕ ಇಡಲಿ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಐದು, ಏಳು, ಹತ್ತನೆಯ ತರಗತಿಯಿಂದ ಹೊರಬರುವ ಪ್ರತಿ ಮಗುವಿನ ಹೆಸರು ಅದರಲ್ಲಿ ಬರಲಿ, ಯಾವ ಸಮುದಾಯದ ಮಗುವಾದರೂ ಸರಿ. ಜೂನ್ ಕೊನೆಯೊಳಗೆ ಆ ಹೆಸರಿನ ಮುಂದೆ ಸೇರಿದ ಶಾಲೆಯ ಹೆಸರು ಬೀಳಬೇಕು. ಖಾಲಿ ಉಳಿದರೆ, ಮಗು ಬಿಟ್ಟ ಶಾಲೆಯ ಒಬ್ಬರು, ಸೇರಬೇಕಾದ ಶಾಲೆಯ ಒಬ್ಬರು, ಬೀದಿಯ ಒಬ್ಬ ಮಹಿಳೆ ಒಟ್ಟಿಗೆ ಆ ಮನೆಗೆ ಹೋಗಬೇಕು. ಜೊತೆಗೆ, ಪ್ರೌಢಶಾಲೆಯ ಕನ್ನಡ ಶಿಕ್ಷಕರು ವಾರಕ್ಕೊಂದು ದಿನ ಉರ್ದು ಶಾಲೆಯ ಆರು, ಏಳನೆಯ ತರಗತಿಗೆ ಪಾಠ ಮಾಡುವಂತೆ ಇಲಾಖೆಯ ಅನುಮತಿ ಕೇಳೋಣ. ವಿಜ್ಞಾನದ ಕನ್ನಡ ಪದಗಳು ಆ ಮಕ್ಕಳಿಗೆ ಎಂಟನೆಯ ತರಗತಿಯ ಮೊದಲ ದಿನ ಅಪರಿಚಿತವಾಗಿರಬಾರದು. ಅನುಮತಿ ತಡವಾದರೆ ಜುಮಾ ಬಳಿಕ ಮಸೀದಿಯ ಜಗಲಿಯಲ್ಲೇ ಈ ಪಾಠ ನಡೆಯಬಹುದು. ಊರಿನಲ್ಲಿ ಓದಿದ ಯುವಕ ಯುವತಿಯರಿಗೆ ಕೊರತೆಯಿಲ್ಲ.

ಆಡಳಿತ ಮಂಡಳಿಯ ಸಹೋದರರೊಬ್ಬರು ಸಭೆಗೆ ಮೊದಲೇ ನಮ್ಮೊಡನೆ ಒಂದು ಆಕ್ಷೇಪ ಎತ್ತಿದರು. ಹೆಸರುಗಳನ್ನು ಹಂಚಿಕೊಂಡರೆ ಬೇರೆ ಶಾಲೆಯವರು ನಮ್ಮ ಮಕ್ಕಳನ್ನು ಸೆಳೆಯುವುದಿಲ್ಲವೇ ಎಂದು. ಸೆಳೆಯಬಹುದು. ಅದಕ್ಕಾಗಿಯೇ ಮೇಲಿನ ತರಗತಿ ಇರುವ ಶಾಲೆಯ ಮಕ್ಕಳ ಮನೆಗೆ ಬೇರೆಯವರು ಪ್ರಚಾರಕ್ಕೆ ಹೋಗಕೂಡದೆಂಬ ನಿಯಮ ಮೊದಲ ಪುಟದಲ್ಲೇ ಬರೆಯಬೇಕು. ಇನ್ನೂ ಕಠಿಣವಾದ ಪ್ರಶ್ನೆ ಶುಲ್ಕ ಬಾಕಿಯದು. ಬಾಕಿಯಿದೆಯೆಂದು ವರ್ಗಾವಣೆ ಪತ್ರ ತಡೆಹಿಡಿಯುವ ರೂಢಿ ಹಲವೆಡೆ ಇದೆ. ಎಂಟನೆಯ ತರಗತಿಯವರೆಗೆ ಆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ಆದರೆ ಶಿಕ್ಷಕರ ಸಂಬಳಕ್ಕೆ ಆ ಶುಲ್ಕವನ್ನೇ ನಂಬಿರುವ ಸಣ್ಣ ಶಾಲೆಯ ಕಷ್ಟವೂ ಸುಳ್ಳಲ್ಲ. ಬಾಕಿಯ ಒಂದು ಭಾಗವನ್ನು ಝಕಾತ್‌ಗೆ ಅರ್ಹರಾದ ಕುಟುಂಬಗಳ ಮಟ್ಟಿಗೆ ಜಮಾಅತ್ ಭರಿಸಬಹುದೇ, ಉಳಿದವರಿಗೆ ಕಂತು ಮಾಡಿಕೊಡಬಹುದೇ ಎಂಬುದನ್ನು ಮಸೀದಿಯ ಅಧ್ಯಕ್ಷರೂ ಶಾಲೆಗಳ ಮುಖ್ಯಸ್ಥರೂ ಇಲ್ಲೇ ಕುಳಿತು ನಿರ್ಧರಿಸಲಿ ಎಂದು ಕೋರುತ್ತೇವೆ. ಅದಕ್ಕೆ ಬೇಕಾದ ಸಮಯ ಉಳಿಯಲೆಂದು ನಮ್ಮ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇವೆ.