ಮೆಂತಿ ಹೊಲಿಗೆಯೂ ತುಕ್ಕು ಹಿಡಿದ ಹಂಚೂ

(ಶಾಲೆಯ ವಾರ್ಷಿಕೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷದ ವಸ್ತುಪ್ರದರ್ಶನದಲ್ಲಿ ನಾವು ಎರಡು ಬಗೆಯ ವಸ್ತುಗಳನ್ನು ಇರಿಸಿದ್ದೇವೆ. ಒಂದು, ನಮ್ಮ ಮಕ್ಕಳು ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಕಸೂತಿ. ಇನ್ನೊಂದು, ಅವರು ತಮ್ಮ ತಮ್ಮ ಮನೆಗಳಿಂದ ತಂದು ತುಕ್ಕು ಬಿಡಿಸಿದ ಹಳೆಯ ಹಂಚುಗಳು, ದೋಸೆಯ ಕಾವಲಿಗಳು. ಇವನ್ನು ಕಂಡ ಪೋಷಕರೊಬ್ಬರು, "ಏನ್ರಿ ಮೇಷ್ಟ್ರೇ, ಇದು ಸಾಲೆಯೋ ಗುಜರಿ ಅಂಗಡಿಯೋ?" ಎಂದು ನಗುತ್ತ ಕೇಳಿದರು. ಪ್ರಶ್ನೆ ನ್ಯಾಯವಾದುದೆ. ಗಣಿತಕ್ಕೂ ಇಂಗ್ಲಿಷಿಗೂ ಹೊತ್ತು ಸಾಲದೆಂದು ನಾವೇ ದೂರುತ್ತಿರುವಾಗ, ಶನಿವಾರದ ಕೊನೆಯ ಎರಡು ಅವಧಿಗಳನ್ನು ಸೂಜಿಗೂ ಕಬ್ಬಿಣಕ್ಕೂ ಕೊಟ್ಟುದೇತಕ್ಕೆ ಎಂಬುದನ್ನು ತಮಗೆ ಅರಿಕೆ ಮಾಡುವುದು ನಮ್ಮ ಕರ್ತವ್ಯ.

ಕಸೂತಿಯು ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಗೆಲಸ. ಇಳಕಲ್ಲಿನ ಸೀರೆಯ ಮೇಲೆಯೂ ಮದುಮಗಳು ಉಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆಯೂ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಪಲ್ಲಕ್ಕಿಗಳನ್ನು ಅವರು ಮೂಡಿಸುತ್ತ ಬಂದರು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಎಳೆಗಳನ್ನು ಎಣಿಸುವುದೊಂದೇ ಆಧಾರ. ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರ ವರೆಗೆ ಬಳ್ಳಾರಿ ಜಿಲ್ಲೆಯವಾಗಿದ್ದು, ಆ ದಿನ ಆಂಧ್ರ ರಾಜ್ಯ ಉದಯಿಸಿದಾಗ ಕರ್ನೂಲು ಜಿಲ್ಲೆಗೆ ಸೇರಿದವು. ಆದರೆ ಆಚೆಯ ಊರುಗಳೊಡನೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ನಿಲ್ಲಲಿಲ್ಲ. ಆ ಕಡೆಯಿಂದ ಸೊಸೆಯಾಗಿ ಬಂದ ಒಬ್ಬ ಅಜ್ಜಿಯವರೇ ನಮ್ಮ ಮಕ್ಕಳಿಗೆ ಈ ವಿದ್ಯೆಯನ್ನು ಹೇಳಿಕೊಟ್ಟವರು. ಅವರು ಸಂಭಾವನೆ ಬೇಡವೆಂದರು. ಹುಡುಗರೂ ಕಲಿಯಬೇಕೆಂಬುದೊಂದೇ ಅವರ ಷರತ್ತು.

ಕಸೂತಿಯಲ್ಲಿ ನಾಲ್ಕು ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಹಾಕುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಸ್ಥಳಗಳನ್ನು ತುಂಬುವುದು. ಗಂಟು ಹಾಕುವಂತಿಲ್ಲ, ಆದಕಾರಣ ಬಟ್ಟೆಯ ಎರಡು ಮುಖಗಳೂ ಒಂದೇ ಆಗಿ ತೋರುವುವು. ಐರೋಪ್ಯರಲ್ಲಿ ಇದೇ ಹೊಲಿಗೆಗೆ ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿದೆ. ಅವನು ಬರೆದ ಭಾವಚಿತ್ರಗಳಲ್ಲಿ ಅಂಗಿಗಳ ಕೊರಳಪಟ್ಟಿ, ತೋಳಿನ ತುದಿಗಳ ಮೇಲೆ ಇಂಥ ಕಸೂತಿ ಕಾಣುತ್ತದೆ. ಮುರಗಿಯು ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವುದು. ನೇಯಿಗೆಯು ಹೆಸರೇ ಹೇಳುವಂತೆ ಮಗ್ಗದ ನೆಯ್ಗೆಯನ್ನು ಹೋಲುವುದು. ನಾಲ್ಕನೆಯದು ಮೆಂತಿ. ಎರಡು ಎಳೆಗಳು ಒಂದನ್ನೊಂದು ಅಡ್ಡಹಾಯ್ದು ಮೆಂತ್ಯದ ಕಾಳಿನಂತೆ ಕೂಡುವುವು. ನಮ್ಮ ಮಕ್ಕಳು ಇದರಿಂದಲೇ ಆರಂಭಿಸಿದರು. ಏಕೆಂದರೆ ಮ್ಯಾಟಿ ಬಟ್ಟೆಯ ಚೌಕಗಳು ಇದಕ್ಕೆ ಒಗ್ಗುತ್ತವೆ. ಇದರಲ್ಲಿ ಒಂದೇ ನಿಯಮ: ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿರಬೇಕು. ಒಂದು ಎಳೆ ವಿರುದ್ಧವಾಗಿ ಬಿದ್ದರೆ ಬೆಳಕಿನಲ್ಲಿ ಅದೊಂದೇ ಬೇರೆಯಾಗಿ ಹೊಳೆದು ಕಣ್ಣಿಗೆ ಚುಚ್ಚುವುದು.

ಗಣಿತವನ್ನು ಬಿಟ್ಟು ಸೂಜಿ ಹಿಡಿಸಿದಿರಿ ಎಂಬ ಆಕ್ಷೇಪಣೆಗೆ ಆರನೆಯ ತರಗತಿಯ ಮಕ್ಕಳೇ ಸಮಾಧಾನ ಕೊಟ್ಟಿದ್ದಾರೆ. ಗೋಪುರವನ್ನು ಹಾಕುವಾಗ ಶಿಖರದಲ್ಲಿ ಒಂದು ಮೆಂತಿ, ಅದರ ಕೆಳಗೆ ಮೂರು, ಆಮೇಲೆ ಐದು, ಏಳು ಎಂದು ಇಳಿಯಬೇಕು. ದಾರ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದ ಹುಡುಗನೊಬ್ಬನು, ಎರಡು ಸಾಲಿಗೆ 4, ಮೂರು ಸಾಲಿಗೆ 9, ನಾಲ್ಕು ಸಾಲಿಗೆ 16 ಬರುವುದನ್ನು ಕಂಡು ಎದ್ದು ನಿಂತನು. ಹನ್ನೆರಡು ಸಾಲಿನ ಗೋಪುರಕ್ಕೆ 144 ಮೆಂತಿಗಳೆಂದು, ತಳದ ಸಾಲಿನಲ್ಲಿ 23 ಎಂದು ಅವನು ಎಣಿಸದೆಯೇ ಹೇಳಿದನು. ಬೆಸಸಂಖ್ಯೆಗಳ ಮೊತ್ತವು ವರ್ಗಸಂಖ್ಯೆಯಾಗುವುದೆಂದು ನಾವು ಕರಿಹಲಗೆಯ ಮೇಲೆ ಹಲವು ವರ್ಷ ಬರೆದಿದ್ದೇವೆ. ಆ ದಿನ ತರಗತಿಯಲ್ಲಿ ಎದ್ದ ಗದ್ದಲ ಅದಕ್ಕೆ ಎಂದೂ ಎದ್ದುದಿಲ್ಲ.

ಪ್ರತಿ ಬಟ್ಟೆಯ ಅಂಚಿನಲ್ಲಿಯೂ ಶನಿವಾರಕ್ಕೊಂದರಂತೆ ಸಣ್ಣ ಗುರುತು ಹಾಕಿಸಿದ್ದೇವೆ. ಎಷ್ಟು ಮುಂದುವರಿಯಿತೆಂದು ತಿಳಿಯಲು. ಕೆಲವು ಬಟ್ಟೆಗಳಲ್ಲಿ ನವೆಂಬರಿನಿಂದ ಮಾರ್ಚಿಯ ವರೆಗೆ ಗುರುತುಗಳೇ ಇಲ್ಲ. ಕಾರಣವನ್ನು ನಾವು ಹೇಳಬೇಕಾದುದಿಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಮಂತ್ರಾಲಯದ ಕಡೆಯ ಹಳ್ಳಿಗಳು ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನತ್ತ ಗುಳೆ ಹೋಗುವುವು. ಮಕ್ಕಳೂ ಜೊತೆಗೆ ಹೋಗುವರು. ಹೋದವರೆಲ್ಲ ಶಾಲೆಗೆ ಮರಳುವುದಿಲ್ಲವೆಂಬುದು ನಮ್ಮ ಹಾಜರಿ ಪುಸ್ತಕದ ದುಃಖ. ಈ ಸಲ ಏಳನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಬಟ್ಟೆಯನ್ನು ಜೊತೆಗೆ ಕೊಂಡೊಯ್ದಳು. ಮೆಣಸಿನಕಾಯಿಯ ಖಾರದಿಂದ ಉರಿಯುವ ಬೆರಳುಗಳಿಂದಲೇ ಬಿಡಾರದಲ್ಲಿ ಒಂದು ಗೇಣಿನಷ್ಟು ಹಾಕಿ ತಂದಳು. ನಡುವೆ ಒಂದು ಎಳೆ ತಪ್ಪಿ ತೇರಿನ ಗಾಲಿ ಓರೆಯಾಗಿತ್ತು. ಇರಲಿ ಬಿಡು ತಾಯಿ ಎಂದೆವು. ಅವಳು ಒಪ್ಪದೆ, ಅಷ್ಟನ್ನೂ ಬಿಚ್ಚಿ ಎರಡು ವಾರದಲ್ಲಿ ಮರಳಿ ಹಾಕಿದಳು. ಆ ಬಟ್ಟೆಯ ಮುಂದೆ ತಾವು ಸ್ವಲ್ಪ ಹೊತ್ತು ನಿಲ್ಲಬೇಕೆಂದು ಕೋರುತ್ತೇವೆ.

ಹಂಚಿನ ಪ್ರಸ್ತಾಪವೂ ಈ ಗುಳೆಯಿಂದಲೇ ಹುಟ್ಟಿತು. ಮನೆಗೆ ಬೀಗ ಹಾಕಿ ಹೋಗುವ ದಿನ ತಾಯಂದಿರು ಹಂಚನ್ನು ತೊಳೆದು ಮೂಲೆಯಲ್ಲಿ ಕವುಚಿಡುವರು. ತಿಂಗಳುಗಟ್ಟಲೆ ಹಾಗೆಯೇ ಇದ್ದು, ಯುಗಾದಿಯ ಮುಂಚೆ ಬಂದು ನೋಡಿದರೆ ಕೆಂಪು ತುಕ್ಕು. ದೋಸೆಯ ಕಾವಲಿಗಾದರೋ ನಿತ್ಯವೂ ಎಣ್ಣೆ ಸಿಗುವುದು. ಜೋಳದ ರೊಟ್ಟಿಗೆ ನಾವು ಎಣ್ಣೆಯನ್ನಲ್ಲ, ನೀರನ್ನು ಸವರುತ್ತೇವೆ. ಹಾಗಾಗಿ ರೊಟ್ಟಿಯ ಹಂಚು ಬೇಗ ತುಕ್ಕಿಗೆ ತುತ್ತಾಗುವುದು. ತುಕ್ಕು ಹಿಡಿದುದನ್ನು ತೂಕಕ್ಕೆ ಹಾಕಿ, ಕರಿಯ ಲೇಪವುಳ್ಳ ಹಗುರವಾದ ತವೆಯನ್ನು ಸಂತೆಯಿಂದ ತರುವರು. ಅದರ ಲೇಪ ಕೆಲವೇ ವರ್ಷಗಳಲ್ಲಿ ಸುಲಿದುಹೋಗುವುದು. ಮುತ್ತಜ್ಜಿಯ ಹಂಚು ಅಕ್ಕಿಗಿಂತ ಅಗ್ಗವಾಗಿ ಹೋಗುವುದನ್ನು ಕಂಡು ನಮಗೆ ಸಂಕಟವಾಯಿತು.

ತುಕ್ಕು ಕಬ್ಬಿಣದ ಮರಣವಲ್ಲ. ತೇವವೂ ಗಾಳಿಯೂ ಕೂಡಿ ಮೇಲ್ಮೈಯನ್ನು ಮಾತ್ರ ತಿಂದಿರುತ್ತವೆ. ನಮ್ಮ ಮಕ್ಕಳು ಮೊದಲು ಇಟ್ಟಿಗೆಯ ನುಣ್ಣನೆಯ ಪುಡಿಯನ್ನೂ ತೆಂಗಿನ ನಾರನ್ನೂ ಹಿಡಿದು ಉಜ್ಜಿದರು. ಬಿಡದ ಕಡೆ ಹುಣಿಸೆಯ ನೀರನ್ನು ಅರ್ಧ ಗಂಟೆ ನಿಲ್ಲಿಸಿದರು. ಹುಳಿಯನ್ನು ರಾತ್ರಿಯೆಲ್ಲ ಬಿಡಬಾರದು. ಅದು ತುಕ್ಕನ್ನು ಮುಗಿಸಿ ಕಬ್ಬಿಣವನ್ನೇ ತಿನ್ನತೊಡಗುವುದು. ತೊಳೆದೊಡನೆ ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ, ಬೆಚ್ಚಗಿರುವಾಗಲೇ ಬಟ್ಟೆಯಿಂದ ಎಣ್ಣೆ ಸವರಬೇಕು. ಇಲ್ಲಿಯೇ ಬಹು ಜನ ಕೈತಪ್ಪುವುದು. ಎಣ್ಣೆ ಧಾರಾಳವಾದಷ್ಟೂ ಒಳ್ಳೆಯದೆಂದು ಭಾವಿಸುವರು. ಅದು ಅಂಟಂಟಾಗಿ ನಿಲ್ಲುವುದು. ಹಚ್ಚಿದ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತೇವೆಂಬಂತೆ ಒರೆಸಿ, ಉಳಿದ ತೆಳುಪಸೆಯನ್ನು ಹೊಗೆಯಾಡಿ ನಿಲ್ಲುವ ತನಕ ಕಾಯಿಸಬೇಕು. ಆಗ ಎಣ್ಣೆಯ ಕಣಗಳು ಶಾಖದಿಂದಲೂ ಗಾಳಿಯ ಆಮ್ಲಜನಕದಿಂದಲೂ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾದ ಪೊರೆಯಾಗುವುವು. ಆರಿಸಿ ಹೀಗೆ ನಾಲ್ಕಾರು ಬಾರಿ ಮಾಡಿದರೆ ಕಪ್ಪು ಹೊಳಪು ಬರುವುದು. ಅಗಸೆ, ಕುಸುಬೆಯ ಎಣ್ಣೆಗಳು ಬೇಗ ಪೊರೆಗಟ್ಟುವುವು. ನಮ್ಮ ಸೀಮೆಯ ಶೇಂಗಾ ಎಣ್ಣೆಯಿಂದಲೂ ಕೆಲಸವಾಗುತ್ತದೆ, ತುಸು ನಿಧಾನ. ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜುವ ಅಜ್ಜಿಯರು ದಿನವೂ ಮಾಡುತ್ತಿದ್ದುದು ಈ ರಸಾಯನಶಾಸ್ತ್ರವನ್ನೇ.

ವಿದ್ಯಾರ್ಥಿಗಳಿಗೆ ಎರಡು ಮಾತು. ಒಲೆಯ ಕೆಲಸಕ್ಕೆ ಹಿರಿಯರು ಜೊತೆಗಿರಲೇಬೇಕು. ಕಾದ ಬೀಡಿನ ಹಂಚಿಗೆ ತಣ್ಣೀರನ್ನು ಎಂದೂ ಸುರಿಯಬೇಡಿರಿ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಾಗಿರುವುದರಿಂದ ಅದು ಕಮ್ಮಾರನು ಬಡಿದ ಕಬ್ಬಿಣದಂತೆ ಬಾಗದು, ಸೀಳುವುದು. ಸೀಳಿದ ಹಂಚನ್ನು ನಾವು ಸರಿಮಾಡಲಾರೆವು.

ಗುಳೆ ಹೊರಡುವ ತಾಯಂದಿರಲ್ಲಿ ಒಂದು ಬಿನ್ನಹ. ಹಂಚನ್ನು ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿ ಹೋಗಿರಿ, ನೆಲಕ್ಕೆ ತಾಗಿಸಬೇಡಿರಿ. ಮಗುವನ್ನು ಅಜ್ಜಿಯ ಬಳಿಯಲ್ಲಿಯೋ ಬಂಧುಗಳ ಮನೆಯಲ್ಲಿಯೋ ಬಿಟ್ಟುಹೋಗುವುದಾದರೆ ಹೊರಡುವ ಮುನ್ನ ನಮಗೆ ತಿಳಿಸಿರಿ. ಊಟದ ಹಾಗೂ ಓದಿನ ವಿಚಾರವನ್ನು ಸಂಘದವರೊಡನೆ ಕುಳಿತು ಮಾತನಾಡೋಣ. ಕರೆದುಕೊಂಡೇ ಹೋಗುವುದು ಅನಿವಾರ್ಯವಾದರೆ ಮಗುವಿನ ಗಂಟಿನಲ್ಲಿ ಕನ್ನಡ ಪುಸ್ತಕವನ್ನೂ ಬಟ್ಟೆ, ಸೂಜಿ, ದಾರಗಳನ್ನೂ ಇಡಿರಿ. ದಾರ ಮುಗಿದವರು ಬರುವ ಶನಿವಾರದೊಳಗೆ ಶಾಲೆಯಲ್ಲಿ ಕೇಳಿ ಪಡೆಯಬಹುದು; ಕೆಂಪು, ಹಸಿರು, ಹಳದಿ ಮೂರು ಬಣ್ಣದವೂ ಸಾಕಷ್ಟಿವೆ.